ಟ್ಯಾಬ್ ಸಿಕ್ಕರೆ ಹಾಡು ಸಿಕ್ಕ ಹಾಗಲ್ಲ

ಮೊದಲು ಹೆಸರಿನ ವಿಚಾರ ಮುಗಿಸಿಬಿಡೋಣ. ಇಂಗ್ಲಿಷ್‌ನವರು ಅದನ್ನ ‘ಯೂಕಲೇಲಿ’ ಅಂತಾರೆ. ಹವಾಯಿಯವರು ಹೇಳೋದು ‘ಉಕುಲೆಲೆ’. ಕನ್ನಡದಲ್ಲಿ ಬರೆದ ಹಾಗೇ, ನಾಲ್ಕೂ ಸ್ವರ ಹ್ರಸ್ವ. ಅಂದ್ರೆ ಕನ್ನಡ ಓದೋಕೆ ಬರೋ ಯಾರೇ ಆದ್ರೂ ಈ ವಾದ್ಯದ ಹೆಸರನ್ನ ಇಂಗ್ಲಿಷ್‌ನವರಿಗಿಂತ ಸರಿಯಾಗಿ ಹೇಳಬಲ್ಲರು. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ನಾನು ಹೇಳಬೇಕಾಗಿರೋ ದೊಡ್ಡ ವಿಷಯವೂ ಇದರಲ್ಲೇ ಇದೆ.

ಈಗ ನಮ್ಮ ಹಾಸ್ಟೆಲ್‌ಗಳಲ್ಲಿ ಬ್ಲಾಕಿಗೊಂದಾದರೂ ಉಕುಲೆಲೆ ಇದೆ. ಗಿಟಾರಿನಷ್ಟು ಜಾಗ ಬೇಡ, ಅಷ್ಟು ದುಡ್ಡೂ ಬೇಡ, ನೈಲಾನ್ ತಂತಿ ಆದ್ದರಿಂದ ಬೆರಳ ತುದಿ ಕಿತ್ತುಹೋಗಲ್ಲ. ಸಿ, ಎಫ್, ಜಿ7 ಅನ್ನೋ ಮೂರು ಕಾರ್ಡ್ ಒಂದು ಸಂಜೆಯಲ್ಲಿ ಬಂದುಬಿಡುತ್ತೆ. ಆಮೇಲೆ ಯಾವ ಹಾಡು ಸಿಕ್ಕಿದರೂ ಅದೇ ಸ್ಟ್ರಮ್ಮಿಂಗ್. ಎರಡು ಸೆಮಿಸ್ಟರ್ ಕಳೆಯೋ ಹೊತ್ತಿಗೆ ಅದು ಬೇಜಾರಾಗಿ ಫಿಂಗರ್‌ಸ್ಟೈಲ್ ಕಡೆ ಮನಸ್ಸು ಹೋಗುತ್ತೆ. ಒಂದೇ ವಾದ್ಯದಲ್ಲಿ ರಾಗವನ್ನೂ ಕಾರ್ಡನ್ನೂ ಒಟ್ಟಿಗೆ ಮೀಟುವ ಶೈಲಿ ಅದು. ಹುಡುಕಿದರೆ ‘ಸಾಂಪ್ರದಾಯಿಕ ಹವಾಯಿಯನ್ ಹಾಡುಗಳು’ ಅಂತ ಟ್ಯಾಬ್‌ಗಳು ಸಾಲುಸಾಲಾಗಿ ಸಿಗುತ್ತವೆ. ಎಷ್ಟನೇ ತಂತಿ, ಎಷ್ಟನೇ ಫ್ರೆಟ್ ಅಂತ ಅಂಕಿ ನೋಡಿಕೊಂಡು ಬೆರಳಿಟ್ಟರೆ ಹಾಡು ಹೊರಗೆ ಬರುತ್ತೆ. ಮುಂದಿನ ಟ್ಯಾಬ್ ತೆಗೀತೀವಿ.

ನನ್ನ ತಕರಾರು ಇಲ್ಲಿದೆ. ಟ್ಯಾಬ್ ಬೇಡ ಅಂತ ನಾನು ಹೇಳ್ತಿಲ್ಲ. ಆದರೆ ಹವಾಯಿಯ ಹಳೆಯ ಹಾಡು ಕಲಿಯೋವಾಗ ಮಾತು ಮೊದಲು, ಬೆರಳು ಆಮೇಲೆ. ಹಾಡೋಕೆ ಬರದಿದ್ರೂ ಪರವಾಗಿಲ್ಲ, ಕೇಳುವವರಿಗೆ ಒಂದು ಪದವೂ ಕೇಳಿಸದಿದ್ರೂ ಪರವಾಗಿಲ್ಲ. ನುಡಿಸುವವರಿಗೆ ಆ ಹಾಡಿನ ಮಾತು ಗೊತ್ತಿರಲೇಬೇಕು. ಇದು ಬರೀ ಗೌರವದ ಪ್ರಶ್ನೆ ಅಲ್ಲ. ಮಾತು ಗೊತ್ತಿಲ್ಲದೆ ಈ ಹಾಡುಗಳನ್ನ ಚೆನ್ನಾಗಿ ನುಡಿಸೋದೇ ಕಷ್ಟ. ಯಾಕೆ ಅಂತ ಹೇಳ್ತೀನಿ.

ಹವಾಯಿಯ ಎಷ್ಟೋ ಹಳೆಯ ಹಾಡುಗಳ ಕಟ್ಟು ತುಂಬಾ ಸರಳ. ‘ಹುಲ ಕುಇ’ ಅನ್ನೋ ಪ್ರಕಾರ ನೋಡಿ. 1874ರಿಂದ 1891ರವರೆಗೆ ಆಳಿದ ರಾಜ ಕಲಾಕೌಅನ ಕಾಲದಲ್ಲಿ ಬೆಳೆದದ್ದು. ‘ಕುಇ’ ಅಂದ್ರೆ ಜೋಡಿಸೋದು. ಹಳೆಯ ಪಠಣ, ಕುಣಿತದ ಜೊತೆಗೆ ಹೊಸ ತಂತಿವಾದ್ಯಗಳನ್ನ ಜೋಡಿಸಿದ್ದರಿಂದ ಆ ಹೆಸರು. ಎರಡೆರಡು ಸಾಲಿನ ಚರಣಗಳು, ಎಲ್ಲ ಚರಣಕ್ಕೂ ಒಂದೇ ಧಾಟಿ. ಸಾಮಾನ್ಯವಾಗಿ ಪ್ರತಿ ಚರಣವನ್ನೂ ಎರಡು ಸಲ ಹಾಡ್ತಾರೆ. ಅಂದ್ರೆ ಐದು ಚರಣ ಇದ್ದರೆ ಅದೇ ಪುಟ್ಟ ರಾಗ ಹತ್ತು ಸಲ ಬರುತ್ತೆ.

ಈಗ ಯೋಚನೆ ಮಾಡಿ. ಮಾತು ಗೊತ್ತಿಲ್ಲದವನ ಕೈಯಲ್ಲಿ ಆ ಹತ್ತು ಸಲವೂ ಒಂದೇ. ಮೂರನೇ ಸಲಕ್ಕೆ ಕೇಳುವವರು ಫೋನ್ ತೆಗೀತಾರೆ, ಐದನೇ ಸಲಕ್ಕೆ ನುಡಿಸುವವನಿಗೇ ಸಾಕಾಗುತ್ತೆ. ಅದಕ್ಕೇ ಬಹಳಷ್ಟು ಜನ ಎರಡು ಸುತ್ತು ನುಡಿಸಿ ನಿಲ್ಲಿಸಿಬಿಡ್ತಾರೆ. ಹಾಡುವವರಿಗೆ ಈ ತೊಂದರೆಯೇ ಇಲ್ಲ, ಯಾಕಂದ್ರೆ ಅವರಿಗೆ ಪ್ರತಿ ಚರಣದಲ್ಲೂ ಹೊಸ ಊರು, ಹೊಸ ಮಳೆ, ಹೊಸ ಹೂವು ಸಿಗುತ್ತೆ. ರಾಗ ಒಂದೇ ಇದ್ದು ಮಾತು ಬದಲಾಗೋ ಕಡೆ ಬದಲಾವಣೆ ಎಲ್ಲಿ, ಎಷ್ಟು ಅಂತ ತೀರ್ಮಾನ ಮಾಡೋದು ಮಾತೇ. ಟ್ಯಾಬ್‌ನಲ್ಲಿ ಇರೋದು ಒಂದು ಸುತ್ತು ಮಾತ್ರ. ಉಳಿದ ಒಂಬತ್ತು ಸುತ್ತಿನ ಗುಟ್ಟು ಸಾಹಿತ್ಯದಲ್ಲಿದೆ.

ಚರಣಗಳ ನಡುವೆ ಬರೋ ‘ವ್ಯಾಂಪ್’ ಕೂಡ ಹಾಗೇ. ಸಿ ಶ್ರುತಿಯಲ್ಲಾದರೆ ಡಿ7 ಎರಡು ಬೀಟ್, ಜಿ7 ಎರಡು ಬೀಟ್, ಸಿ ನಾಲ್ಕು ಬೀಟ್. ಹವಾಯಿ ಹಾಡು ಅಂದ ತಕ್ಷಣ ಕಿವಿಗೆ ಬರೋ ಆ ಗುರುತಿನ ತಿರುವು ಇದೇ. ಅಲ್ಲಿಯವರು ಡಿ7ನ್ನ ಎರಡೇ ಬೆರಳಲ್ಲಿ ಹಿಡಿಯೋದೂ ಉಂಟು: ನಾಲ್ಕನೇ ತಂತಿಯ ಎರಡನೇ ಫ್ರೆಟ್, ಎರಡನೇ ತಂತಿಯ ಎರಡನೇ ಫ್ರೆಟ್, ಉಳಿದೆರಡು ಖಾಲಿ. ಕಲಿಯೋದು ಸುಲಭ. ಆದರೆ ಅದು ಯಾಕಿದೆ? ಕುಣಿಯುವವರಿಗೆ ಹೆಜ್ಜೆ ಬದಲಿಸೋಕೆ, ಹಾಡುವವರಿಗೆ ಉಸಿರು ತಗೊಳ್ಳೋಕೆ. ಜೊತೆಗೆ ಮುಂದಿನ ಚರಣದ ಮೊದಲ ಪದಗಳನ್ನ ಕೂಗಿ ಹೇಳೋಕೆ. ಆ ಕೂಗಿಗೆ ‘ಕಾಹೆಅ’ ಅಂತ ಹೆಸರು. ವ್ಯಾಂಪ್ ಅಂದ್ರೆ ಮುಂದಿನ ಮಾತು ಬರ್ತಿದೆ ಅನ್ನೋ ಸೂಚನೆ. ಮುಂದಿನ ಮಾತು ಯಾವುದು ಅಂತಲೇ ಗೊತ್ತಿಲ್ಲದವನು ಅಲ್ಲಿ ಏನನ್ನ ಸೂಚಿಸ್ತಾನೆ?

ಇನ್ನು ವಾದ್ಯದ ಕಡೆ ಬರೋಣ. ಉಕುಲೆಲೆಯ ನಾಲ್ಕು ತಂತಿಗಳ ಶ್ರುತಿ ಜಿ, ಸಿ, ಇ, ಎ. ಹರ್ಟ್ಸ್‌ನಲ್ಲಿ ಹೇಳೋದಾದ್ರೆ ಸುಮಾರು 392, 262, 330, 440. ಗಮನಿಸಿ: ಹೆಬ್ಬೆರಳಿಗೆ ಮೊದಲು ಸಿಗೋ ನಾಲ್ಕನೇ ತಂತಿ ಮಂದ್ರದ್ದಲ್ಲ, ಅದರ ಕೆಳಗಿನ ಎರಡು ತಂತಿಗಳಿಗಿಂತ ಎತ್ತರದ್ದು. ಸ್ಟ್ರಮ್ ಮಾಡೋವಾಗ ಇದರಿಂದಲೇ ಆ ಕಿಲಕಿಲ ಸದ್ದು ಬರೋದು. ಫಿಂಗರ್‌ಸ್ಟೈಲ್‌ನಲ್ಲಿ ಇದೇ ಕೈಕೊಡುತ್ತೆ. ರಾಗ ಎರಡನೇ ತಂತಿಯ ಇ ಅಥವಾ ಎಫ್ ಸ್ವರದಲ್ಲಿ ಓಡಾಡ್ತಿರುವಾಗ ಹೆಬ್ಬೆರಳು ಖಾಲಿ ಜಿ ತಂತಿಯನ್ನ ಜೋರಾಗಿ ಮೀಟಿದರೆ, ಕೇಳುವವರ ಕಿವಿ ಎತ್ತರದ ಜಿಯನ್ನೇ ರಾಗ ಅಂದುಕೊಳ್ಳುತ್ತೆ. ಹಾಡು ಅಲ್ಲಿಗೆ ಕಳೆದುಹೋಯ್ತು. ಹಾಗಾಗಿ ಪ್ರತಿ ಕಡೆಯೂ ಯಾವುದು ಹಾಡಿನ ಸ್ವರ, ಯಾವುದು ಬರೀ ಜೊತೆಯ ಸ್ವರ ಅಂತ ನುಡಿಸುವವರಿಗೆ ಗೊತ್ತಿರಬೇಕು. ಟ್ಯಾಬ್‌ನಲ್ಲಿ ಎರಡೂ ಬರೀ ಅಂಕಿ. ಬಾಯಲ್ಲಿ ಪದ ಹೇಳಿಕೊಂಡು ನುಡಿಸಿದರೆ ಮಾತ್ರ ವ್ಯತ್ಯಾಸ ತಾನಾಗೇ ಬೆರಳಿಗೆ ಬರುತ್ತೆ: ಪದ ಬಿದ್ದ ಸ್ವರ ಗಟ್ಟಿ, ಉಳಿದದ್ದು ಮೆಲ್ಲಗೆ.

ಎರಡನೇ ಕಷ್ಟ, ಈ ವಾದ್ಯದ ನಾದ ಬೇಗ ಆರಿಹೋಗುತ್ತೆ. ಹವಾಯಿಯನ್ ಭಾಷೆಯಲ್ಲೋ ಸ್ವರದ ಉದ್ದವೇ ಅರ್ಥ. ಆ ಭಾಷೆಗೆ ಐದು ಸ್ವರ, ಎಂಟು ವ್ಯಂಜನ, ಒಟ್ಟು ಹದಿಮೂರೇ ಅಕ್ಷರ. ಅಷ್ಟರಲ್ಲೇ ಎಲ್ಲ ಪದ ಕಟ್ಟಬೇಕಾದ್ದರಿಂದ ಹ್ರಸ್ವ, ದೀರ್ಘಕ್ಕೆ ಬಹಳ ಬೆಲೆ. ‘ಒಕಿನ’ ಅನ್ನೋ ಇನ್ನೊಂದು ಧ್ವನಿ ಇದೆ, ಗಂಟಲನ್ನ ಒಂದು ಕ್ಷಣ ಹಿಡಿದು ಬಿಡೋದು; ಅದನ್ನೂ ಎಂಟು ವ್ಯಂಜನಗಳಲ್ಲಿ ಒಂದಾಗಿ ಎಣಿಸ್ತಾರೆ. ‘ಪೌ’ ಅಂದ್ರೆ ಮುಗೀತು. ‘ಪ’ ಆದ ಮೇಲೆ ಗಂಟಲು ಹಿಡಿದು ‘ಉ’ ಅಂದರೆ ಮಸಿ. ಎರಡನ್ನೂ ದೀರ್ಘ ಮಾಡಿ ‘ಪಾ’, ತಡೆದು ‘ಊ’ ಅಂದರೆ ಹೆಂಗಸರು ಉಡುವ ಲಂಗ. ‘ಮೊಅ’ ಅಂತ ಒಂದೇ ಉಸಿರಲ್ಲಿ ಹೇಳಿದರೆ ಕೋಳಿ. ನಡುವೆ ತಡೆದರೆ ಬೆಂದಿದೆ ಅಂತ. ಮೆಸ್ಸಿನಲ್ಲಿ ಈ ವ್ಯತ್ಯಾಸ ಎಷ್ಟು ಮುಖ್ಯ ಅಂತ ನಿಮಗೆ ಹೇಳಬೇಕಿಲ್ಲ.

ಇಲ್ಲಿ ಕನ್ನಡದವರಿಗೆ ಒಂದು ಅನುಕೂಲ ಇದೆ. ಎ-ಏ, ಒ-ಓ ಬೇರೆ ಬೇರೆ ಬರೆಯೋ ಲಿಪಿ ನಮ್ಮದು. ಇಂಗ್ಲಿಷ್ ಅಕ್ಷರದಲ್ಲಿ ದೀರ್ಘ ತೋರಿಸೋಕೆ ಹವಾಯಿಯವರು ಸ್ವರದ ಮೇಲೆ ಗೆರೆ ಎಳೀತಾರೆ, ಅದನ್ನ ‘ಕಹಕೋ’ ಅಂತಾರೆ. ಟ್ಯಾಬ್ ಮಾಡುವವರು ಸಾಮಾನ್ಯವಾಗಿ ಅದನ್ನ ಬಿಟ್ಟುಬಿಡ್ತಾರೆ. ನಾವು ಹಾಡನ್ನ ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಐದೂ ಸ್ವರದ ಹ್ರಸ್ವ-ದೀರ್ಘ ಕಣ್ಣಿಗೆ ಕಾಣುತ್ತೆ. ಒಕಿನ ಬಂದ ಕಡೆ ಮಾತ್ರ ಒಂದು ಗುರುತು ನಾವೇ ಹಾಕಿಕೊಂಡರೆ ಆಯ್ತು.

ಬೆರಳಿಗೆ ಇದರಿಂದ ಏನು ಲಾಭ? ದೀರ್ಘ ಬಂದ ಕಡೆ ಒತ್ತಿದ ಬೆರಳನ್ನ ಎತ್ತದೆ ಹಾಗೇ ಹಿಡಿಯಬೇಕು, ಮುಂದಿನ ಸ್ವರವನ್ನ ಇನ್ನೊಂದು ತಂತಿಯಲ್ಲಿ ಹುಡುಕಬೇಕು. ಆಗ ಹಿಂದಿನದು ಆರೋವರೆಗೂ ಕೇಳುತ್ತೆ. ಇಲ್ಲ ಅಂದ್ರೆ ಜೊತೆಯ ತಂತಿಗಳನ್ನ ಬಿಡಿಬಿಡಿಯಾಗಿ ಮೀಟಿ ಖಾಲಿ ಜಾಗ ತುಂಬಬೇಕು. ಒಕಿನ ಬಂದ ಕಡೆ ಒತ್ತಿದ ಬೆರಳನ್ನ ಕೂದಲೆಳೆಯಷ್ಟು ಸಡಿಲ ಮಾಡಿದರೆ ನಾದ ಕಡಿಯುತ್ತೆ. ಹಾಡುವವರು ಕೆಲವೊಮ್ಮೆ ಧಾಟಿಗೋಸ್ಕರ ಹ್ರಸ್ವವನ್ನೂ ಎಳೀತಾರೆ. ಅದಕ್ಕೇ ಬರೆದದ್ದನ್ನ ಓದಿದರೆ ಸಾಲದು, ಹಾಡಿದ್ದನ್ನ ಕೇಳಲೂ ಬೇಕು. ಕೇಳಬೇಕಾದ್ದು ಗಾಯಕರ ಧ್ವನಿಮುದ್ರಿಕೆ, ಇನ್ನೊಬ್ಬರ ಉಕುಲೆಲೆ ಕವರ್ ಅಲ್ಲ.

ಇದಿಷ್ಟು ಸಂಗೀತದ ಕಾರಣ. ಇದಕ್ಕಿಂತ ತೂಕದ ಕಾರಣ ಇನ್ನೊಂದಿದೆ. ಅದಕ್ಕೆ ‘ಕೌಲನ ನಾ ಪುಅ’ ಅನ್ನೋ ಹಾಡನ್ನ ನೋಡಬೇಕು. ಹೆಸರಿನ ಅರ್ಥ ‘ಹೆಸರಾದ ಹೂಗಳು’. ಧಾಟಿ ಲವಲವಿಕೆಯದ್ದು. ಮಾತು ತಿಳಿಯದವರಿಗೆ ಕಡಲತೀರದ ಖುಷಿಯ ಹಾಡು ಅಂತಲೇ ಅನ್ನಿಸೋದು.

ಆದರೆ ಅದು ಹುಟ್ಟಿದ್ದು 1893ರಲ್ಲಿ. ಆ ವರ್ಷದ ಜನವರಿ 17ರಂದು ಹವಾಯಿಯ ರಾಣಿ ಲಿಲಿಉಒಕಲನಿಯನ್ನ ಪದಚ್ಯುತಗೊಳಿಸಿದರು. ಅದನ್ನ ಮಾಡಿದ್ದು ಬಹುಪಾಲು ಅಮೆರಿಕ, ಯುರೋಪ್ ಮೂಲದ ವ್ಯಾಪಾರಿಗಳ ಗುಂಪು. ಅವರ ಬೆನ್ನಿಗೆ ಅಮೆರಿಕದ ಹಡಗಿನಿಂದ ಇಳಿದ ಸೈನಿಕರಿದ್ದರು. ಹೊಸ ಸರ್ಕಾರಕ್ಕೆ ನಿಷ್ಠೆ ಅಂತ ಸಹಿ ಹಾಕಿ ಅಂದಾಗ ಅರಮನೆಯ ಬ್ಯಾಂಡಿನ ವಾದ್ಯಗಾರರು ಒಪ್ಪಲಿಲ್ಲ. ಕೆಲಸ ಹೋದರೂ ಸರಿ ಅಂದರು. ರಾಣಿಯ ಗೆಳತಿ ಎಲೆನ್ ಪ್ರೆಂಡರ್‌ಗಾಸ್ಟ್ ಅವರಿಗೋಸ್ಕರ ಬರೆದ ಹಾಡು ಇದು. ಹೊಸ ಸರ್ಕಾರದ ದುಡ್ಡಿಗೆ ಕೈಯೊಡ್ಡೋ ಬದಲು ತಮ್ಮ ನೆಲದ ಕಲ್ಲನ್ನೇ ತಿನ್ನೋ ಹಠ ಅದರಲ್ಲಿದೆ. ಅದಕ್ಕೇ ಇದಕ್ಕೆ ‘ಕಲ್ಲು ತಿನ್ನೋ ಹಾಡು’ ಅನ್ನೋ ಇನ್ನೊಂದು ಹೆಸರೂ ಇದೆ. ಶೀರ್ಷಿಕೆಯ ‘ಪುಅ’ ಪದಕ್ಕೆ ಹೂವು ಅನ್ನೋ ಅರ್ಥ ಇರೋ ಹಾಗೇ ಸಂತಾನ, ಮಕ್ಕಳು ಅನ್ನೋ ಅರ್ಥವೂ ಇದೆ. ಅಂದ್ರೆ ಆ ಹೂಗಳು ಆ ನೆಲದ ಮಕ್ಕಳು. ಹೀಗೆ ಒಂದು ಮಾತಿನ ಒಳಗೆ ಇನ್ನೊಂದನ್ನ ಇಡೋದನ್ನ ಹವಾಯಿಯವರು ‘ಕಒನ’ ಅಂತಾರೆ. ಶರೀಫಜ್ಜನ ತತ್ತ್ವಪದ ಕೇಳಿ ಬೆಳೆದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಈ ಹಾಡಿನ ಒಂದು ಚರಣದಲ್ಲಿ ನಾಲ್ಕು ದ್ವೀಪಗಳು ಒಂದಾದ ಮೇಲೊಂದು ದನಿಗೂಡಿಸುತ್ತವೆ, ಒಂದೊಂದರ ಹಳೆಯ ಅರಸರ ಹೆಸರಿನೊಂದಿಗೆ. ಇದು ಗೊತ್ತಿದ್ದರೆ ನುಡಿಸೋ ದಾರಿ ತಾನಾಗೇ ಹೊಳೆಯುತ್ತೆ. ಮೊದಲ ದ್ವೀಪಕ್ಕೆ ಒಂದೇ ತಂತಿಯಲ್ಲಿ ರಾಗ. ಎರಡನೆಯದಕ್ಕೆ ಹೆಬ್ಬೆರಳ ಜೊತೆ. ಮೂರನೆಯದಕ್ಕೆ ಇನ್ನೊಂದು ತಂತಿ. ನಾಲ್ಕನೆಯದಕ್ಕೆ ಪೂರ್ತಿ ಕಾರ್ಡ್. ಒಬ್ಬೊಬ್ಬರಾಗಿ ಬಂದು ಸೇರಿದ ಹಾಗೆ. ಇದನ್ನ ಯಾವ ಟ್ಯಾಬೂ ಹೇಳಿಕೊಡಲ್ಲ. ಗೊತ್ತಿಲ್ಲದಿದ್ರೆ? ಅನ್ನ ಬಿಟ್ಟು ಕಲ್ಲು ತಿನ್ನೋಕೆ ಹೊರಟವರ ಹಾಡನ್ನ ನಾವು ರೀಲ್ಸ್‌ನ ಹಿನ್ನೆಲೆ ಸಂಗೀತ ಮಾಡಿ, ಕೆಳಗೆ ‘ಚಿಲ್ ವೈಬ್ಸ್’ ಅಂತ ಬರೀತೀವಿ.

ಮುಂದೆ ಏನಾಯ್ತು ಅನ್ನೋದೂ ಮುಖ್ಯ. 1896ರಲ್ಲಿ ಹೊಸ ಆಡಳಿತ ಶಾಲೆಗಳಲ್ಲಿ ಇಂಗ್ಲಿಷನ್ನೇ ಬೋಧನೆಯ ಮಾಧ್ಯಮ ಮಾಡಿತು. 1898ರಲ್ಲಿ ಹವಾಯಿ ಅಮೆರಿಕದ ಪಾಲಾಯ್ತು. ಒಂದೆರಡು ತಲೆಮಾರು ಕಳೆಯೋ ಹೊತ್ತಿಗೆ ಮನೆಯಲ್ಲಿ ಹವಾಯಿಯನ್ ಮಾತಾಡುವ ಮಕ್ಕಳು ಬೆರಳೆಣಿಕೆಯಷ್ಟಾದರು. 1978ರಲ್ಲಿ ಅದು ಮತ್ತೆ ರಾಜ್ಯದ ಅಧಿಕೃತ ಭಾಷೆಯಾಯ್ತು, 1984ರಲ್ಲಿ ಕೌವಾಯಿ ದ್ವೀಪದಲ್ಲಿ ಹವಾಯಿಯನ್ ಮಾಧ್ಯಮದ ಮೊದಲ ಶಿಶುವಿಹಾರ ಶುರುವಾಯ್ತು. ಶಾಲೆಯಿಂದ ಆಚೆ ಹೋಗಿದ್ದ ಆ ಭಾಷೆ ನಡುವಿನ ವರ್ಷಗಳಲ್ಲಿ ಉಳಿದುಕೊಂಡ ಜಾಗಗಳಲ್ಲಿ ಹಾಡು, ಕುಣಿತ ಮುಖ್ಯವಾದವು. ಹಾಡಿನಿಂದಲೂ ಮಾತನ್ನ ಕಿತ್ತುಹಾಕಿ ರಾಗ ಮಾತ್ರ ಇಟ್ಟುಕೊಂಡರೆ ನಾವು ಯಾರ ಕೆಲಸ ಮುಂದುವರಿಸಿದ ಹಾಗಾಗುತ್ತೆ, ಯೋಚಿಸಿ.

ಇದು ಉತ್ಪ್ರೇಕ್ಷೆ ಅಲ್ಲ, ಒಮ್ಮೆ ಆಗಿಯೂ ಹೋಗಿದೆ. 1915ರ ಸ್ಯಾನ್‌ಫ್ರಾನ್ಸಿಸ್ಕೋ ವಸ್ತುಪ್ರದರ್ಶನದಲ್ಲಿ ಹವಾಯಿ ಸಂಗೀತ ಕೇಳಿ ಅಮೆರಿಕಕ್ಕೆ ಹುಚ್ಚು ಹಿಡೀತು. ನ್ಯೂಯಾರ್ಕಿನ ಹಾಡುಬರಹಗಾರರು, ಆ ದ್ವೀಪಗಳ ನೆಲ ತುಳಿಯದವರೂ, ಹವಾಯಿಯನ್ ಥರ ಕೇಳಿಸೋ ಅರ್ಥವಿಲ್ಲದ ಪದ ಪೋಣಿಸಿ ಹಾಡು ಮಾರಿದರು. ಜನ ಕೊಂಡರು. ನಿಜವಾದ ಭಾಷೆ ಶಾಲೆಯಿಂದ ಹೊರಗೆ, ಸುಳ್ಳು ಭಾಷೆ ಗ್ರಾಮಫೋನಿನಲ್ಲಿ. ಇವತ್ತು ಉಕುಲೆಲೆ ಅಂದ ಕೂಡಲೇ ನಮಗೆ ನೆನಪಾಗೋದು ಇಸ್ರೇಲ್ ಕಮಕವಿವೊಒಲೆ ಹಾಡಿದ ‘ಓವರ್ ದ ರೇನ್‌ಬೋ’. ಚೆಂದದ ಹಾಡೇ, ಆದರೆ ಅದು 1939ರ ಹಾಲಿವುಡ್ ಸಿನಿಮಾದ್ದು. ಅದಿರೋ 1993ರ ‘ಫೇಸಿಂಗ್ ಫ್ಯೂಚರ್’ ಆಲ್ಬಮ್ಮಿನಲ್ಲೇ ಹವಾಯಿಯನ್ ಭಾಷೆಯ ಹಾಡುಗಳೂ ಇವೆ. ಅವನ್ನ ನಮ್ಮಲ್ಲಿ ಎಷ್ಟು ಜನ ಕೇಳಿದ್ದೀವಿ?

ಈಗ ಎದುರು ವಾದ. ‘ಸಂಗೀತಕ್ಕೆ ಭಾಷೆ ಇಲ್ಲ ಗುರು’ ಅಂತ ಹೇಳುವವರು ಪ್ರತಿ ಜಾಮ್‌ನಲ್ಲೂ ಒಬ್ಬರು ಇರ್ತಾರೆ. ವಾದ್ಯಕ್ಕೇ ಅಂತ ಕಟ್ಟಿದ ಸಂಗೀತಕ್ಕೆ ಅದು ನಿಜ ಇರಬಹುದು. ಆದರೆ ಹವಾಯಿಯಲ್ಲಿ ಪದ್ಯ ಮೊದಲು, ವಾದ್ಯ ಆಮೇಲೆ. ಅಲ್ಲಿ ‘ಮೆಲೆ’ ಅನ್ನೋ ಒಂದೇ ಪದಕ್ಕೆ ಹಾಡು ಅಂತಲೂ ಕವಿತೆ ಅಂತಲೂ ಅರ್ಥ. ಇನ್ನು ಕೆಲವರು, ಹೊರಗಿನವರಾದ ನಾವು ಇದನ್ನೆಲ್ಲ ನುಡಿಸಬಹುದಾ ಅಂತ ಹಿಂಜರೀತಾರೆ. ನುಡಿಸಬಹುದು. ಉಕುಲೆಲೆಯೇ ಹೊರಗಿನದು. 1879ರ ಆಗಸ್ಟ್ 23ರಂದು ಕಬ್ಬಿನ ತೋಟದ ಕೆಲಸಕ್ಕೆ ಅಂತ ಪೋರ್ಚುಗಲ್‌ನ ಮದೇರಾ ದ್ವೀಪದಿಂದ ಹೊನೊಲುಲುಗೆ ಬಂದಿಳಿದ ಕೂಲಿಗಳ ಹಡಗಿನಲ್ಲಿ ಇದರ ಪೂರ್ವಜ ವಾದ್ಯವೂ ಬಂತು. ಹೆಸರಿಗೆ ‘ಹಾರುವ ಚಿಗಟ’ ಅಂತ ಅರ್ಥ ಹೇಳೋದು ರೂಢಿ. ರಾಣಿ ಲಿಲಿಉಒಕಲನಿ ಮಾತ್ರ ‘ಇಲ್ಲಿಗೆ ಬಂದ ಕಾಣಿಕೆ’ ಅಂತ ಅರ್ಥ ಮಾಡಿದಳು. ಹೊರಗಿನದನ್ನ ಅಷ್ಟು ದೊಡ್ಡ ಮನಸ್ಸಿನಿಂದ ಒಳಗೆ ಕರೆದವರ ಹಾಡು ನುಡಿಸೋಕೆ ಯಾವ ಅಡ್ಡಿಯೂ ಇಲ್ಲ. ನಾವೂ ಅಷ್ಟೇ ಮನಸ್ಸಿಟ್ಟು ಕಲಿಯಬೇಕು, ಅಷ್ಟೇ.

ಮೂರನೇ ವಾದ ಎಲ್ಲರಿಗೂ ಗೊತ್ತಿರೋದು: ಇಂಟರ್ನಲ್ಸ್, ಲ್ಯಾಬ್ ರೆಕಾರ್ಡ್, ಪ್ಲೇಸ್‌ಮೆಂಟ್, ಇದರ ಮಧ್ಯೆ ಇನ್ನೊಂದು ಭಾಷೆ ಎಲ್ಲಿ ಕಲಿಯೋದು? ಭಾಷೆ ಕಲಿಯೋದು ಬೇಡ. ಒಂದು ಹಾಡಿನ ಹತ್ತಿಪ್ಪತ್ತು ಸಾಲಿನ ಅರ್ಥ ತಿಳಿಯೋಕೆ ಒಂದು ಭಾನುವಾರ ಸಾಕು. ಮೇರಿ ಕವೆನ ಪುಕುಇ ಮತ್ತು ಸ್ಯಾಮ್ಯುಯೆಲ್ ಎಲ್ಬರ್ಟ್ ಮಾಡಿದ ಹವಾಯಿಯನ್ ನಿಘಂಟು ನೆಟ್‌ನಲ್ಲಿ ಉಚಿತವಾಗಿದೆ. ಅದೇ ಎಲ್ಬರ್ಟ್ ನೊಯೆಲಾನಿ ಮಹೊಎ ಜೊತೆ ಸೇರಿ 1970ರಲ್ಲಿ 101 ಹಾಡುಗಳನ್ನ ಇಂಗ್ಲಿಷ್ ಅರ್ಥದ ಸಮೇತ ಪುಸ್ತಕ ಮಾಡಿದ್ದಾರೆ. ಒಂದು ಫಿಂಗರ್‌ಸ್ಟೈಲ್ ಟ್ಯಾಬ್ ಕೈಗೆ ಕೂರೋಕೆ ಹೇಗೂ ಎರಡು ಮೂರು ವಾರ ಬೇಕು. ಅದರಲ್ಲಿ ಒಂದು ದಿನ ಮಾತಿಗೆ ಕೊಡಿ ಅನ್ನೋದು ದೊಡ್ಡ ಬೇಡಿಕೆಯಾ?

ಬೆರಳಿನ ಕೌಶಲವೇ ಸಾಕು ಅನ್ನುವವರು ಎಡ್ಡಿ ಕಮಎ ಬಗ್ಗೆ ತಿಳಿಯಬೇಕು. 1927ರಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡ ಈತ ಉಕುಲೆಲೆಯಲ್ಲಿ ರಾಗ, ಕಾರ್ಡು ಎರಡನ್ನೂ ಒಟ್ಟಿಗೆ ಮೀಟೋ ಶೈಲಿಗೆ ದಾರಿ ಹಾಕಿದವರಲ್ಲಿ ಒಬ್ಬ. ಶುರುವಿನಲ್ಲಿ ನುಡಿಸ್ತಿದ್ದದ್ದು ಜಾಜ್, ಲ್ಯಾಟಿನ್ ಸಂಗೀತ. ತನ್ನ ನೆಲದ ಹಾಡುಗಳಲ್ಲಿ ಆಗ ಅಷ್ಟೇನೂ ಆಸಕ್ತಿ ಇರಲಿಲ್ಲ. ಗ್ಯಾಬಿ ಪಹಿನುಇ ಅನ್ನೋ ಗಿಟಾರ್ ವಾದಕನ ಸಹವಾಸದಿಂದ ಆ ಕಡೆ ತಿರುಗಿದ, ಇಬ್ಬರೂ ಸೇರಿ ‘ಸನ್ಸ್ ಆಫ್ ಹವಾಯಿ’ ತಂಡ ಕಟ್ಟಿದರು. ಆಮೇಲೆ ಕಮಎ ಮಾಡಿದ ಕೆಲಸ ನೋಡಿ: ನಿಘಂಟು ಮಾಡಿದ ಅದೇ ಪುಕುಇ ಅವರ ಮಾರ್ಗದರ್ಶನದಲ್ಲಿ ಹಳೆಯ ಹಾಡುಗಳ ಸಾಹಿತ್ಯ ಹುಡುಕಿಕೊಂಡು ದ್ವೀಪದಿಂದ ದ್ವೀಪಕ್ಕೆ, ಹಿರಿಯರ ಮನೆಬಾಗಿಲಿಗೆ ಹೋದ. ಬೆರಳಿನಲ್ಲಿ ಅವನಿಗೆ ಏನೂ ಕೊರತೆ ಇರಲಿಲ್ಲ. ಆದರೂ ಮಾತು ಬೇಕು ಅನ್ನಿಸಿತು.

ಹಾಗಾದರೆ ಎಲ್ಲಿಂದ ಶುರು ಮಾಡೋದು? ನನ್ನ ಸಲಹೆ ‘ಅಲೊಹ ಒಎ’. ಲಿಲಿಉಒಕಲನಿ ಇನ್ನೂ ರಾಜಕುಮಾರಿಯಾಗಿದ್ದಾಗ, 1878ರಲ್ಲಿ ರಚಿಸಿದ್ದು. ಒವಾಹು ದ್ವೀಪದ ಮೌನವಿಲಿಯಲ್ಲಿ ಇಬ್ಬರು ಪ್ರೇಮಿಗಳು ಬೀಳ್ಕೊಂಡದ್ದನ್ನ ಕಂಡು ಹುಟ್ಟಿದ ಹಾಡು. 1895ರಲ್ಲಿ ಅವಳನ್ನ ಅವಳದೇ ಅರಮನೆಯ ಕೋಣೆಯೊಂದರಲ್ಲಿ ತಿಂಗಳುಗಟ್ಟಲೆ ಬಂಧಿಸಿಟ್ಟರು. ಕಾಲ ಕಳೆದಂತೆ ಜನ ಈ ಪ್ರೇಮಗೀತೆಯಲ್ಲೇ ಕಳೆದುಹೋದ ರಾಜ್ಯದ ವಿದಾಯವನ್ನೂ ಕೇಳತೊಡಗಿದರು. ಇದರ ಕಟ್ಟು ಹುಲ ಕುಇಯದ್ದಲ್ಲ, ಚರಣ ಮತ್ತು ಪಲ್ಲವಿ ಇರೋ, ಚರ್ಚಿನ ಗೀತೆಯ ಛಾಯೆಯ ನಿಧಾನದ ಹಾಡು. ಹೊಸಬರ ಬೆರಳಿಗೆ ಹಿತ.

ಮೊದಲು ಸಾಹಿತ್ಯವನ್ನ ಕನ್ನಡ ಲಿಪಿಯಲ್ಲಿ ಬರೆದು, ಅರ್ಥ ಪಕ್ಕದಲ್ಲಿಟ್ಟು, ಗಟ್ಟಿಯಾಗಿ ನಾಲ್ಕು ಸಲ ಓದಿ. ಆಮೇಲೆ ಹಾಡಿದವರದ್ದು ಕೇಳಿ, ಅವರು ಉಸಿರು ತಗೊಂಡ ಕಡೆ ಗೆರೆ ಹಾಕಿ. ಉಕುಲೆಲೆ ಕೈಗೆ ತಗೊಳ್ಳೋದು ಅದಾದ ಮೇಲೆ. ರಾಗವನ್ನ ಮಾತ್ರ ಒಂದೇ ಬೆರಳಲ್ಲಿ, ಪದ ಗುನುಗಿಕೊಂಡು ನುಡಿಸಿ. ಸರಿ ಬಂದ ಮೇಲೆ ಹೆಬ್ಬೆರಳನ್ನ ಮೂರು, ನಾಲ್ಕನೇ ತಂತಿಗೆ, ತೋರುಬೆರಳು ಎರಡಕ್ಕೆ, ನಡುಬೆರಳು ಒಂದಕ್ಕೆ ಕೊಟ್ಟು ಕಾರ್ಡ್ ಸೇರಿಸಿ. ರಾಗ ಸಿಗಿಂತ ಕೆಳಗೆ ಇಳಿದು ವಾದ್ಯದಲ್ಲಿ ಜಾಗ ಸಾಲದಿದ್ರೆ ಎಫ್ ಅಥವಾ ಜಿ ಶ್ರುತಿಗೆ ಬದಲಿಸಿ. ಎಫ್‌ನಲ್ಲಿ ಖಾಲಿ ಸಿ ತಂತಿಯೇ ಕೆಳಗಿನ ಪಂಚಮ ಆಗುತ್ತೆ. ಇಷ್ಟಾದ ಮೇಲೆ ಟ್ಯಾಬ್ ತೆಗೆದು ನೋಡಿ. ಅದರಲ್ಲಿ ಯಾವ ಅಂಕಿ ಹಾಡಿಗೆ ಬೇಕು, ಯಾವುದು ಬರೀ ಅಲಂಕಾರ ಅಂತ ನೀವೇ ಹೇಳ್ತೀರಿ.

ಕೊನೆಗೆ ನಮ್ಮ ಸಾಂಸ್ಕೃತಿಕ ಸಮಿತಿಗೆ ಎರಡು ಮಾತು. ಫೆಸ್ಟ್‌ನಲ್ಲಿ ಯಾರಾದರೂ ಇಂಥ ಹಾಡು ನುಡಿಸಿದರೆ ಪಟ್ಟಿಯಲ್ಲಿ ‘ವೆಸ್ಟರ್ನ್ ಸೋಲೋ’ ಅಂತ ಸೇರಿಸಿ ಸುಮ್ಮನಾಗಬೇಡಿ. ಹಾಡಿನ ಹೆಸರು, ರಚಿಸಿದವರ ಹೆಸರು, ಭಾಷೆಯ ಹೆಸರು ಹಾಕಿ. ಈ ಸಲದ ಫೈನಲ್ ಇಯರ್ ಸೆಂಡಾಫ್‌ನಲ್ಲಿ ‘ಅಲೊಹ ಒಎ’ ನುಡಿಸೋ ಯೋಚನೆ ಯಾರಿಗಾದರೂ ಇದ್ದರೆ, ನುಡಿಸೋ ಮುಂಚೆ ಮೈಕ್ ತಗೊಂಡು ಮೂರು ವಾಕ್ಯ ಹೇಳಿ: ಇದು ಯಾರು ಬರೆದದ್ದು, ಯಾವ ಭಾಷೆಯಲ್ಲಿ, ಏನಂತಾರೆ ಅದರಲ್ಲಿ. ಒಂದು ನಿಮಿಷವೂ ಹಿಡಿಯಲ್ಲ. ಆಮೇಲೆ ನುಡಿಸಿ, ನಾವೆಲ್ಲ ಸುಮ್ಮನೆ ಕೂತು ಕೇಳ್ತೀವಿ.